ಗ್ಲಾಸ್ ಪಕ್ಕಕ್ಕೆ ಕಾಂಗ್ರೆಸ್ ಕಡ್ಲೆಬೀಜ: ಬೇಕರಿದಾ, ಪ್ಯಾಕೆಟ್ಟಿಂದಾ, ಮನೇದಾ?

ಮನೇಲಿ ನಾಲ್ಕು ಜನ ಕೂತು ಗ್ಲಾಸ್ ಎತ್ತೋ ಸಂಜೆಗೆ ನೆಂಚ್ಕೊಳ್ಳೋಕೆ ಏನಿಡೋಣ ಅಂತ ಯಾರಾದ್ರೂ ಕೇಳಿದ್ರೆ ನನ್ನ ಓಟು ಕಾಂಗ್ರೆಸ್ಸಿಗೆ. ಪಕ್ಷಕ್ಕಲ್ಲ ಸ್ವಾಮಿ, ಕಡ್ಲೆಬೀಜಕ್ಕೆ. ಗೋಬಿ, ಕಬಾಬ್ ಎಲ್ಲಾ ಆ್ಯಪಲ್ಲಿ ಆರ್ಡರ್ ಮಾಡಿದ್ರೆ ಟ್ರಾಫಿಕ್ಕಲ್ಲಿ ಬೆವೆತು ಮೆತ್ತಗಾಗಿ ಬರತ್ತೆ, ಚಿಪ್ಸ್ ತಂದಿಟ್ರೆ ಮೊದಲ ಗ್ಲಾಸ್ ಅರ್ಧ ಆಗೋಷ್ಟ್ರಲ್ಲಿ ಪ್ಯಾಕೆಟ್ ಖಾಲಿ, ಇನ್ನು ಅಡುಗೆಮನೆಗೆ ಹೋಗಿ ಬಿಸಿಬಿಸಿ ಏನಾದ್ರೂ ಕರೀತಾ ನಿಂತ್ರೆ ಮಾತೆಲ್ಲಾ ಮಿಸ್ಸು. ಕಾಂಗ್ರೆಸ್ ಹಂಗಲ್ಲ, ಒಂದು ಬಟ್ಟಲಲ್ಲಿ ಹಾಕಿಟ್ರೆ ರಾತ್ರಿ ಹನ್ನೊಂದರವರೆಗೂ ಗರಿಗರಿಯಾಗೇ ಇರತ್ತೆ, ಒಂದೊಂದೇ ಬಾಯಿಗೆ ಹಾಕ್ಕೋತಾ ಕೂತ್ಕೋಬಹುದು. ಪ್ರಶ್ನೆ ಇರೋದು ಎಲ್ಲಿಂದ ತರೋದು ಅಂತ. ಬೇಕರಿದಾ, ಕಂಪನಿ ಪ್ಯಾಕೆಟ್ಟಾ, ಇಲ್ಲಾ ಮನೇಲೇ ಹುರಿಯೋದಾ? ಮೂರನ್ನೂ ತಿಂದು, ಮೂರನ್ನೂ ಬಂದೋರಿಗೂ ತಿನ್ನಿಸಿ ಬರೀತಿದೀನಿ.

ಬೆಂಗ್ಳೂರಿನ ಹೊರಗಿನೋರಿಗೆ ಒಂದು ಮಾತು. ಕಾಂಗ್ರೆಸ್ ಅಂದ್ರೆ ಹುರಿದ ಕಡ್ಲೆಬೀಜ, ಸಿಪ್ಪೆ ತೆಗ್ದು ಎರಡು ಹೋಳು ಮಾಡಿದ್ದು, ಅದಕ್ಕೆ ಚೂರೇ ಚೂರು ಎಣ್ಣೆಯಲ್ಲಿ ಕರಿಬೇವು, ಇಂಗು, ಅರಿಶಿನ, ಮೆಣಸಿನಪುಡಿ, ಕಾಳುಮೆಣಸು, ಉಪ್ಪು ಹಚ್ಚಿರೋದು. ಕರಿದಿದ್ದಲ್ಲ, ಕಡ್ಲೆಹಿಟ್ಟಿನ ಕೋಟಿಂಗೂ ಇಲ್ಲ. ಉತ್ತರ ಕರ್ನಾಟಕದೋರು ಖಾರದ ಶೇಂಗಾ ಅಂತ ಅಂದ್ಕೊಂಡು ಓದಿ, ಸಿಗೋ ರುಚಿ ಸ್ವಲ್ಪ ಬೇರೆ ಅಷ್ಟೆ. ಇಲ್ಲಿ ಅಯ್ಯಂಗಾರ್ ಬೇಕರಿ ಅಂತ ಬೋರ್ಡ್ ಇರೋ ಕಡೆ ಖಾರಾ ಬನ್ನು, ದಿಲ್‌ಪಸಂದ್ ಪಕ್ಕದಲ್ಲಿ ಇದು ಇದ್ದೇ ಇರತ್ತೆ. ತಮಾಷೆ ನೋಡಿ, ಕೇಕಿಗೆ ಮೊಟ್ಟೆ ಕೂಡ ಹಾಕದ ಹಳೇ ಅಯ್ಯಂಗಾರ್ ಬೇಕರಿಗಳ ತಿಂಡಿ ಊರಿನ ಅರ್ಧ ಎಣ್ಣೆ ಪಾರ್ಟಿಗಳನ್ನ ಸಾಕ್ತಿದೆ, ಪಾಪ ಅವ್ರು ಕಾಫಿ ಜೊತೆಗೆ ಅಂತ ಮಾಡಿದ್ದು.

ಹೆಸರಿನ ಕತೆ ಎಲ್ಲಾರಿಗೂ ಗೊತ್ತಿರೋದೇ, ಬೇಗ ಹೇಳಿ ಮುಗಿಸ್ತೀನಿ. 1969ರ ಜುಲೈನಲ್ಲಿ ಲಾಲ್‌ಬಾಗ್ ಗಾಜಿನ ಮನೇಲಿ ಕಾಂಗ್ರೆಸ್ಸಿನ ದೊಡ್ಡ ಅಧಿವೇಶನ ಆಯ್ತು, ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು, ಅಲ್ಲಿ ಶುರುವಾದ ಜಗಳ ನವೆಂಬರ್ ಹೊತ್ತಿಗೆ ಪಕ್ಷಾನೇ ಎರಡು ಹೋಳು ಮಾಡ್ತು, ಒಂದು ಕಡೆ ಇಂದಿರಾ ಗಾಂಧಿ, ಇನ್ನೊಂದು ಕಡೆ ನಿಜಲಿಂಗಪ್ಪ. ಅದೇ ಟೈಮಲ್ಲಿ ಎರಡು ಹೋಳಾಗಿ ಮಾರ್ತಿದ್ದ ಕಡ್ಲೆಬೀಜಕ್ಕೆ ಬೆಂಗ್ಳೂರು ಜನ ಈ ಹೆಸರಿಟ್ರು ಅಂತಾರೆ. ಕತೆ ಹೆಂಗೇ ಇರ್ಲಿ, ತಿನ್ನೋರಿಗೆ ಬೇಕಾಗಿರೋದು ಆ ಹೋಳು. ಇಡೀ ಬೀಜದ ಮೇಲ್ಮೈ ನುಣ್ಣಗಿರತ್ತೆ, ಖಾರ ಜಾರಿ ಬಟ್ಟಲ ತಳಕ್ಕೆ ಹೋಗತ್ತೆ. ಹೋಳು ಮಾಡಿದಾಗ ಒಳಗಿನ ಚಪ್ಪಟೆ ಭಾಗ ತೆರ್ಕೊಳತ್ತಲ್ಲ, ಮಧ್ಯದಲ್ಲಿ ಸಣ್ಣ ಕುಳಿ ಬೇರೆ ಇರತ್ತೆ, ಅಲ್ಲಿ ಮಸಾಲೆ ಹಿಡ್ಕೊಂಡು ಕೂತ್ಕೊಳತ್ತೆ. ಬಾಯಿಗೆ ಹಾಕಿದ ತಕ್ಷಣ ನಾಲಿಗೆಗೆ ಮೊದಲು ಸಿಗೋದು ಅದೇ. ಹಂಗಾಗಿ ಹೋಳಾಗದೇ ಇರೋ ಇಡೀ ಬೀಜಕ್ಕೆ ಅರಿಶಿನ ಹಚ್ಚಿ ಕಾಂಗ್ರೆಸ್ ಅಂತ ಮಾರಿದ್ರೆ ನಾನಂತೂ ತಗೊಳಲ್ಲ.

ಬೇಕರಿ ಸಾಲಲ್ಲಿ ನನ್ನ ಪ್ರಕಾರ ಅಳತೆಗೋಲು ಅಂದ್ರೆ ವಿ.ವಿ. ಪುರಂ ಸಜ್ಜನ್‌ರಾವ್ ಸರ್ಕಲ್ ಹತ್ರ ಇರೋ ವಿ.ಬಿ. ಬೇಕರಿ. 1953ರಿಂದ ಇದೆ, ತಿಂಡಿ ಬೀದಿಗೆ ಹೋದೋರು ಯಾರೂ ಇದನ್ನ ಬಿಟ್ಟು ಬರಲ್ಲ. ಅವರ ಕಾಂಗ್ರೆಸ್ಸಲ್ಲಿ ನಂಗೆ ಇಷ್ಟ ಆಗೋದು ಏನಪ್ಪಾ ಅಂದ್ರೆ ಖಾರ ಮುಂದೆ ನುಗ್ಗಲ್ಲ. ಮೊದಲು ಹುರಿದ ಬೀಜದ ಘಮ, ಆಮೇಲೆ ಇಂಗು, ಕರಿಬೇವು, ಕೊನೇಲಿ ಗಂಟಲ ಹತ್ರ ಮೆಣಸು ಸಣ್ಣಗೆ ಚುರ್ ಅನ್ನತ್ತೆ. ಕೈಗೆ ಎಣ್ಣೆ ಅಂಟೋದು ಕಮ್ಮಿ. ಅಲ್ಲಿ ನಿಂತೇ ತಿನ್ನೋಕೆ ಕಾಂಗ್ರೆಸ್ ಬನ್ ಅಂತ ಒಂದಿದೆ, ಬನ್ನು ಸೀಳಿ ಬೆಣ್ಣೆ ಸವರಿ ಒಳಗೆ ಇದನ್ನ ತುಂಬಿ ಕೊಡ್ತಾರೆ, ಸಿಹಿ ಬನ್ನು, ಉಪ್ಪು ಬೆಣ್ಣೆ, ಖಾರ ಬೀಜ, ಒಂದೇ ತುತ್ತಲ್ಲಿ ಎಲ್ಲಾ. ಅದನ್ನ ಗ್ಲಾಸ್ ಜೊತೆ ತಿನ್ನೋಕಾಗಲ್ಲ, ಹೊಟ್ಟೆ ತುಂಬಿಬಿಡತ್ತೆ, ಆದ್ರೆ ಪಾರ್ಟಿಗೆ ಸಾಮಾನು ತರೋಕೆ ಹೋದೋನು ತನ್ನ ಕೂಲಿ ಅಂತ ಒಂದು ತಿಂದ್ಕೊಂಡು ಬರ್ಬಹುದು. ವೀಕೆಂಡ್ ಸಂಜೆ ಆ ಕಡೆ ಕಾರ್ ತಗೊಂಡು ಹೋಗ್ಬೇಡಿ, ಪಾರ್ಕಿಂಗ್ ಸಿಗಲ್ಲ. ಮೆಟ್ರೋದಲ್ಲಿ ನ್ಯಾಷನಲ್ ಕಾಲೇಜ್ ಸ್ಟೇಷನ್ನಲ್ಲಿ ಇಳಿದು ನಡೀರಿ.

ಆದ್ರೆ ಎಲ್ಲಾ ಬೇಕರೀನೂ ಹಂಗಿರಲ್ಲ. ನಮ್ಮ ಏರಿಯಾದಲ್ಲೇ ಒಂದಿದೆ, ಹೆಸರು ಬೇಡ, ಬನ್ನು ಬಿಸ್ಕತ್ತು ಚೆನ್ನಾಗೇ ಮಾಡ್ತಾರೆ, ಆದ್ರೆ ಕಾಂಗ್ರೆಸ್ ಜಾಡೀನ ಅಂಗಡಿ ಮುಂಭಾಗದಲ್ಲಿ ಮಧ್ಯಾಹ್ನದ ಬಿಸಿಲು ನೇರ ಬೀಳೋ ಜಾಗದಲ್ಲಿ ಇಟ್ಟಿರ್ತಾರೆ. ಒಂದು ಸಲ ಅರ್ಧ ಕೆಜಿ ತಂದು ಬಟ್ಟಲಿಗೆ ಸುರಿದ್ರೆ ಹಳೇ ಪೇಂಟ್ ಡಬ್ಬದ ವಾಸನೆ. ಬಂದಿದ್ದ ಫ್ರೆಂಡು ಒಂದು ಬಾಯಿಗೆ ಹಾಕ್ಕೊಂಡು, "ಮಗಾ, ಇದು ಎಮರ್ಜೆನ್ಸಿ ಟೈಮಿನ ಸ್ಟಾಕಾ?" ಅಂದ. ವಾಪಸ್ ತಗೊಂಡು ಹೋಗಿ ಕೇಳಿದ್ರೆ ಕೌಂಟರಲ್ಲಿದ್ದೋರು, "ಸಾರ್, ಬೆಳಗ್ಗೆ ತಾನೇ ಬಂದಿದ್ದು" ಅಂತ ಸಾಧಿಸಿದ್ರು. ಬೆಳಗ್ಗೆ ಬಂದಿರ್ಬಹುದು, ಯಾವ ಬೆಳಗ್ಗೆ ಅನ್ನೋದು ಕೇಳೋಕೆ ಹೋಗ್ಲಿಲ್ಲ.

ಕಡ್ಲೆಬೀಜದಲ್ಲಿ ತೂಕದ ಅರ್ಧದಷ್ಟು ಬರೀ ಎಣ್ಣೆ. ಸಿಪ್ಪೆ ಇರೋವರೆಗೂ ಅದಕ್ಕೊಂದು ಹೊದಿಕೆ ಇರತ್ತೆ, ಸಿಪ್ಪೆ ತೆಗ್ದು ಹೋಳು ಮಾಡಿದ ಮೇಲೆ ಗಾಳಿ, ಬೆಳಕು, ಶಾಖ ಮೂರೂ ಸೇರಿ ಆ ಎಣ್ಣೆ ಕಮಟು ಹಿಡಿಯೋಕೆ ಶುರು. ಅಂದ್ರೆ ಮಸಾಲೆ ಹಿಡಿಯೋಕೆ ಅನುಕೂಲ ಮಾಡೋ ಹೋಳೇ ಬೇಗ ಕೆಡೋಕೂ ಕಾರಣ. ಅದಕ್ಕೇ ಬೇಕರೀಲಿ ತಗೊಳೋವಾಗ ಒಂದೆರಡು ಬೀಜ ಕೊಡಿ ಅಂತ ಕೇಳಿ ಬಾಯಿಗೆ ಹಾಕ್ಕೊಂಡು ನೋಡಿ, ಇದಕ್ಕೆ ಬೇಡ ಅನ್ನೋ ಬೇಕರಿಯೋನನ್ನ ನಾನು ನೋಡಿಲ್ಲ. ಮೊದಲು ಕರಿಬೇವಿನ ಎಲೆ ಮುರೀರಿ. ಪಟ್ ಅಂತ ಪುಡಿಯಾದ್ರೆ ಸರಿ, ಬಳುಕಿದ್ರೆ ತೇವ ಒಳಗೆ ಹೋಗಿದೆ ಅಂತ. ಬೀಜದ ಬಣ್ಣ ಮಂಕಾಗಿ ಮೇಲೆ ಎಣ್ಣೆ ಜಿನುಗಿದಂಗೆ ಕಂಡ್ರೆ ಅದನ್ನ ಬಿಟ್ಟು ನಿಪ್ಪಟ್ಟು ತಗೊಂಡು ಬನ್ನಿ. ಜನ ಜಾಸ್ತಿ ಬರೋ ಬೇಕರಿ, ದಿನಾ ಜಾಡಿ ಖಾಲಿ ಆಗೋ ಬೇಕರಿ, ಇದೇ ಸೇಫು. ರುಚಿಗಿಂತ ಮೊದಲು ವ್ಯಾಪಾರ ನೋಡಿ.

ಇನ್ನು ಕಂಪನಿ ಪ್ಯಾಕೆಟ್‌ಗಳು. ಬೈಯೋಕೆ ಮುಂಚೆ ಹೊಗಳೋದು ಹೊಗಳ್ಬೇಕು, ಕಮಟು ವಾಸನೆ ಅನ್ನೋದು ಇದರಲ್ಲಿ ಅಪರೂಪ, ಯಾಕಂದ್ರೆ ಒಳ್ಳೇ ಕಂಪನಿಗಳು ಪ್ಯಾಕೆಟ್ ಒಳಗೆ ಗಾಳಿ ಬದ್ಲು ನೈಟ್ರೋಜನ್ ತುಂಬಿಸ್ತಾರೆ, ಬೆಳಕು ಹೋಗದ ಕವರ್ರು ಬೇರೆ. ಬೀದರ್‌ನಲ್ಲಿ ತಗೊಂಡ್ರೂ ಮಂಗ್ಳೂರಲ್ಲಿ ತಗೊಂಡ್ರೂ ಅದೇ ರುಚಿ. ರೈಲಲ್ಲಿ ಹೋಗೋವಾಗ ನಾನೂ ತಗೋತೀನಿ. ಆದ್ರೆ ಇದರಲ್ಲಿ ಬಹಳಷ್ಟು ಕಡ್ಲೆಹಿಟ್ಟಿನ ಕೋಟಿಂಗ್ ಇರೋ ಮಸಾಲೆ ಕಡ್ಲೆ, ಅಂದ್ರೆ ಒಳಗಡೆ ಸಣ್ಣ ಬೀಜ, ಸುತ್ತ ದಪ್ಪ ಹಿಟ್ಟಿನ ಚಿಪ್ಪು, ಅದನ್ನ ಎಣ್ಣೇಲಿ ಕರಿದಿರ್ತಾರೆ. ಕುರುಕುರು ಅನ್ನತ್ತೆ ನಿಜ, ಬೀಜದ ರುಚಿ ಹುಡುಕ್ಬೇಕು. ಉಪ್ಪು, ಹುಳಿಪುಡಿ, ಸಕ್ಕರೆ ಎಲ್ಲಾ ನಾಲಿಗೆ ಮೇಲೆ ಒಟ್ಟಿಗೆ ಬಂದು ಬೀಳೋದ್ರಿಂದ ಮೊದಲ ಮುಷ್ಟಿ ಭಾರೀ ಖುಷಿ, ಎರಡನೇ ಗ್ಲಾಸಿನ ಹೊತ್ತಿಗೆ ತುಟಿ ಒಣಗಿ ಜನ ನೀರು ಕೇಳ್ತಾರೆ. ಪ್ಯಾಕೆಟ್ ಹಿಂದೆ ಪದಾರ್ಥಗಳ ಲಿಸ್ಟ್ ಓದಿ, ಜಾಸ್ತಿ ಇರೋದನ್ನ ಮೊದಲು ಬರೀಬೇಕು ಅನ್ನೋದು ರೂಲ್ಸು. ಕಡ್ಲೆಬೀಜದ ಹಿಂದೇನೇ ಹಿಟ್ಟು, ಅದರ ಹಿಂದೆ ಎಣ್ಣೆ ಬಂದ್ರೆ ನೀವು ದುಡ್ಡು ಕೊಡ್ತಿರೋದು ಏತಕ್ಕೆ ಅಂತ ಲೆಕ್ಕ ಹಾಕ್ಕೊಳಿ.

ಬಾರ್‌ಗಳಲ್ಲಿ ಸಿಗೋ ಪೀನಟ್ ಮಸಾಲಾನ ಈ ಪಂದ್ಯಕ್ಕೆ ಸೇರಿಸಿಲ್ಲ. ಈರುಳ್ಳಿ, ಟೊಮೇಟೊ, ನಿಂಬೆ, ಕೊತ್ತಂಬರಿ ಹಾಕಿದ ಮೇಲೆ ಅದಕ್ಕೆ ಆಯಸ್ಸು ಹತ್ತು ನಿಮಿಷ. ಬಾರಲ್ಲಿ ಅದು ಸರಿ, ಖಾಲಿ ಆದ್ರೆ ಇನ್ನೊಂದು ಪ್ಲೇಟ್ ಹೇಳ್ತೀವಿ. ಮನೇಲಿ ಇಟ್ರೆ ನೀರು ಬಿಟ್ಕೊಂಡು ಪಲ್ಯ ಆಗತ್ತೆ.

ಈಗ ಮನೇದು. ನನ್ನ ಮಾರ್ಕ್ಸು ಜಾಸ್ತಿ ಹೋಗೋದು ಇದಕ್ಕೇ, ಆದ್ರೆ ಮನೇದು ಅಂದ ಮಾತ್ರಕ್ಕೆ ಶ್ರೇಷ್ಠ ಅನ್ನೋ ಸೆಂಟಿಮೆಂಟಿಂದ ಅಲ್ಲ. ಗ್ಲಾಸ್ ಜೊತೆ ತಿನ್ನೋಕೂ ಕಾಫಿ ಜೊತೆ ತಿನ್ನೋಕೂ ಬೇಕಾದ ಹದ ಬೇರೆ. ಬೇಕರಿಯೋರು ಮಕ್ಕಳಿಂದ ಅಜ್ಜಿಯವರೆಗೂ ತಿನ್ಲಿ ಅಂತ ಮಾಡ್ತಾರೆ, ನಮಗೆ ಬೇಕಾಗಿರೋದು ಇನ್ನೊಂಚೂರು ಮೆಣಸು, ಇನ್ನೊಂಚೂರು ಇಂಗು, ಇನ್ನೂ ಕಮ್ಮಿ ಎಣ್ಣೆ. ಅದನ್ನ ಮನೇಲಿ ಮಾತ್ರ ಮಾಡ್ಕೋಬಹುದು.

ಬೀಜದಿಂದ ಶುರು ಮಾಡೋಣ. ಅಂಗಡೀಲಿ ಸಾಮಾನ್ಯವಾಗಿ ಎರಡು ಥರ ಸಿಗತ್ತೆ, ಉದ್ದಕ್ಕೆ ದಪ್ಪಗಿರೋ ಬೋಲ್ಡು, ಗುಂಡಗೆ ಚಿಕ್ಕದಾಗಿರೋದು. ಬೋಲ್ಡು ನೋಡೋಕೆ ಚೆಂದ, ಹೋಳೂ ದೊಡ್ಡದಾಗಿ ಬರತ್ತೆ, ಆದ್ರೆ ನನ್ನ ನಾಲಿಗೆಗೆ ಗುಂಡನೇ ಬೀಜವೇ ಸಿಹಿ ಜಾಸ್ತಿ, ಹುರಿದಾಗ ಘಮಾನೂ ಜಾಸ್ತಿ. ಚಳ್ಳಕೆರೆ, ಪಾವಗಡ ಕಡೆಯಿಂದ ಬರೋ ಬೀಜ ಸಿಕ್ರೆ ಕಣ್ಣುಮುಚ್ಚಿ ತಗೊಳಿ, ಚಳ್ಳಕೆರೇಲಿ ಎಣ್ಣೆ ಗಾಣಗಳು ಸುಮ್ಮನೆ ಅಷ್ಟೊಂದು ಬಂದಿಲ್ಲ. ಕಾರ್ತಿಕ ಮಾಸದ ಕೊನೇ ಸೋಮವಾರ ಬಸವನಗುಡಿ ಕಡ್ಲೆಕಾಯಿ ಪರಿಷೆಯಲ್ಲಿ ಹೊಸ ಫಸಲು ಬರತ್ತೆ, ಆವಾಗ ಹಸಿ ಕಾಯಿ ತಂದು ಚೆನ್ನಾಗಿ ಒಣಗಿಸಿ ಬಿಡಿಸಿಕೊಂಡ್ರೆ ಅದರ ಮುಂದೆ ಇನ್ಯಾವ್ದೂ ಇಲ್ಲ, ಆದ್ರೆ ಅಷ್ಟು ತಾಳ್ಮೆ ನಂಗಿಲ್ಲ. ಪ್ಯಾಕೆಟ್ ತಗೊಂಡ್ರೂ ತಟ್ಟೇಲಿ ಹರಡಿ ಒಂದ್ಸಲ ಆರಿಸಿ. ಮುರುಟಿದ್ದು, ಕಪ್ಪಗಾಗಿದ್ದು, ಬೂಸ್ಟು ಹಿಡಿದಿದ್ದು ಕಂಡ್ರೆ ಆಚೆಗೆ, ಆ ಬೂಸ್ಟಲ್ಲಿರೋ ಅಫ್ಲಟಾಕ್ಸಿನ್ ಅನ್ನೋ ವಿಷ ಹುರಿದ್ರೂ ಪೂರ್ತಿ ಹೋಗಲ್ಲ, ಲಿವರ್‌ಗೆ ಕೆಟ್ಟದ್ದು. ಎಣ್ಣೆ ಪಾರ್ಟೀಲಿ ಲಿವರ್‌ಗೆ ಈಗಾಗ್ಲೇ ಸಾಕಷ್ಟು ಕೆಲ್ಸ ಇರತ್ತೆ.

ಹುರಿಯೋದರಲ್ಲಿ ಅವಸರ ಬೇಡ. ದಪ್ಪ ತಳದ ಬಾಣಲೆ, ಕಬ್ಬಿಣದ್ದಾದ್ರೆ ಇನ್ನೂ ಒಳ್ಳೇದು, ಸಣ್ಣ ಉರಿ, ಕಾಲು ಕೆಜಿಗೆ ಹನ್ನೆರಡರಿಂದ ಹದಿನೈದು ನಿಮಿಷ, ಕೈ ಬಿಡದೆ ತಿರುಗಿಸ್ತಾ ಇರ್ಬೇಕು. ಉರಿ ಜಾಸ್ತಿ ಮಾಡಿದ್ರೆ ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬೇಗ ಬರತ್ತೆ, ನೀವು ಆಯ್ತು ಅಂದ್ಕೋತೀರ, ಒಳಗೆ ಹಸಿ ಹಸಿ. ಆ ಹಸಿ ಬೀಜ ಆರಿದ ಮೇಲೂ ಗರಿ ಆಗಲ್ಲ, ಹಲ್ಲಿಗೆ ಅಂಟತ್ತೆ. ಹೆಂಗೆ ಗೊತ್ತಾಗತ್ತೆ ಅಂದ್ರೆ ಒಂದು ಬೀಜ ತೆಗ್ದು ಊದಿ ಸಿಪ್ಪೆ ಉಜ್ಜಿ ಹೋಳು ಮಾಡಿ, ಒಳಮೈ ಬಿಳಿ ಇದ್ರೆ ಇನ್ನೂ ಬೇಕು, ತಿಳಿ ಹೊಂಬಣ್ಣ ಬಂದಿದ್ರೆ ತಕ್ಷಣ ಕೆಳಗಿಳಿಸಿ ಅಗಲ ತಟ್ಟೆಗೆ ಸುರಿದುಬಿಡಿ. ಬಾಣಲೇಲೇ ಬಿಟ್ರೆ ಆ ಬಿಸಿಗೇ ಇನ್ನೂ ಎರಡು ನಿಮಿಷ ಬೇಯತ್ತೆ, ಹೊಂಬಣ್ಣ ಹೋಗಿ ಕಂದು, ಕಂದು ಹೋಗಿ ಕಹಿ. ಬೀದಿ ಗಾಡಿಯೋರು ಮರಳಲ್ಲಿ ಹುರಿಯೋದು ಇದಕ್ಕೇ, ಮರಳು ಎಲ್ಲಾ ಕಡೆಯಿಂದ ಒಂದೇ ಸಮ ಶಾಖ ಕೊಡತ್ತೆ. ಮನೇಲಿ ಮರಳು ತರೋಕಾಗಲ್ಲ, ಕಲ್ಲುಪ್ಪಲ್ಲಿ ಹುರೀಬಹುದು, ಆ ಉಪ್ಪನ್ನ ಎತ್ತಿಟ್ಕೊಂಡ್ರೆ ಮತ್ತೆ ಮತ್ತೆ ಬಳಸ್ಬಹುದು. ಮೈಕ್ರೋವೇವ್‌ನಲ್ಲೂ ಆಗತ್ತೆ, ಒಂದೊಂದು ನಿಮಿಷಕ್ಕೆ ತೆಗ್ದು ಕಲಸ್ತಾ ಮಾಡ್ಬೇಕು, ಗರಿ ಬರತ್ತೆ ಆದ್ರೆ ಬಾಣಲೆಯ ಘಮ ಬರಲ್ಲ.

ಪೂರ್ತಿ ತಣ್ಣಗಾದ ಮೇಲೆ ಒಂದು ದಪ್ಪ ಬಟ್ಟೇಲಿ ಗಂಟು ಕಟ್ಟಿ ಟೇಬಲ್ ಮೇಲೆ ಉಜ್ಜಿ, ಸಿಪ್ಪೆ ತಾನಾಗೇ ಬಿಡತ್ತೆ, ಸ್ವಲ್ಪ ಒತ್ತಿದ್ರೆ ಹೋಳೂ ಆಗತ್ತೆ. ಮೊರ ಇದ್ರೆ ಬಾಲ್ಕನೀಲಿ ಕೇರಿ, ಇಲ್ಲಾಂದ್ರೆ ಟೇಬಲ್ ಫ್ಯಾನ್ ಮುಂದೆ ಎತ್ತರದಿಂದ ಸುರೀರಿ, ಕೆಳಗಿನ ಮನೆ ಆಂಟಿ ಬಟ್ಟೆ ಒಣಗಾಕಿಲ್ಲ ಅಂತ ನೋಡ್ಕೊಂಡು. ಹೋಳು ಮಾಡೋವಾಗ ತುದೀಲಿರೋ ಸಣ್ಣ ಮೊಳಕೆ ಉದುರತ್ತೆ, ಅದು ಸ್ವಲ್ಪ ಕಹಿ, ಅದನ್ನೂ ಜರಡಿ ಹಿಡಿದು ತೆಗ್ದುಬಿಡಿ. ಇಷ್ಟೆಲ್ಲಾ ಬೇಡ ಅನ್ನೋರಿಗೆ ಅಂಗಡೀಲಿ ಹುರಿದು ಸಿಪ್ಪೆ ತೆಗ್ದಿರೋ ಬೀಜಾನೇ ಸಿಗತ್ತೆ, ಆದ್ರೆ ಅದು ಯಾವಾಗ ಹುರಿದಿದ್ದು ಅನ್ನೋದು ದೇವರಿಗೇ ಗೊತ್ತು.

ಮಸಾಲೆ. ಕಾಲು ಕೆಜಿ ಬೀಜಕ್ಕೆ ಎರಡು ಟೀ ಚಮಚ ಕಡ್ಲೆಕಾಯಿ ಎಣ್ಣೆ, ಅಷ್ಟೇ, ಅದಕ್ಕಿಂತ ಜಾಸ್ತಿ ಬೇಡ. ಎರಡು ಎಸಳು ಕರಿಬೇವು, ತೊಳೆದು ಬಟ್ಟೇಲಿ ಒರೆಸಿ ಒಂದು ಗಂಟೆ ಫ್ಯಾನ್ ಕೆಳಗೆ ಒಣಗಿಸಿದ್ದು. ಎಣ್ಣೆ ಕಾದ ಮೇಲೆ ಕರಿಬೇವು ಹಾಕಿ ಅದರ ಚಟಪಟ ಸದ್ದು ನಿಲ್ಲೋವರೆಗೂ ಕಾಯ್ಬೇಕು, ಸದ್ದು ನಿಂತ್ರೆ ನೀರು ಹೋಯ್ತು ಅಂತ ಅರ್ಥ. ಆಮೇಲೆ ಕಾಲು ಚಮಚ ಇಂಗು. ಇಂಗಲ್ಲಿ ಜಿಪುಣತನ ಮಾಡ್ಬೇಡಿ, ಬೇಕರಿ ಕಾಂಗ್ರೆಸ್ಸಿಗೂ ಮನೆ ಕಾಂಗ್ರೆಸ್ಸಿಗೂ ವ್ಯತ್ಯಾಸ ಬರೋದೇ ಇಲ್ಲಿ. ಪುಡಿ ಇಂಗಲ್ಲಿ ಹಿಟ್ಟು ಬೆರೆಸಿರ್ತಾರೆ, ಸ್ವಲ್ಪ ಜಾಸ್ತಿ ಬೇಕಾಗತ್ತೆ, ಗಟ್ಟಿ ಇಂಗು ಸಿಕ್ರೆ ಚಿಕ್ಕ ಚೂರನ್ನ ಎಣ್ಣೇಲಿ ಅರಳಿಸಿ ಪುಡಿ ಮಾಡ್ಕೊಳಿ. ಕಾಲು ಚಮಚ ಅರಿಶಿನ ಹಾಕಿ ಒಂದು ತಿರುವು ತಿರುವಿ, ಸ್ಟವ್ ಆಫ್ ಮಾಡಿ. ಹೌದು, ಆಫ್. ಮೆಣಸಿನಪುಡಿ ಬೀಳ್ಬೇಕಾಗಿರೋದು ಉರಿ ಆರಿದ ಮೇಲೆ. ಇಷ್ಟು ಕಮ್ಮಿ ಎಣ್ಣೇಲಿ ಉರಿ ಇರೋವಾಗ ಹಾಕಿದ್ರೆ ಕ್ಷಣದಲ್ಲಿ ಸೀದು, ಮನೆಯವರೆಲ್ಲಾ ಕೆಮ್ಮಿ, ಬಣ್ಣ ಕಪ್ಪಾಗಿ, ಬೀಜದ ತುಂಬಾ ಕಹಿ.

ಮೆಣಸಿನಪುಡಿ ಒಂದು ಚಮಚ, ಅದರಲ್ಲಿ ಅರ್ಧ ಬ್ಯಾಡಗಿ, ಅರ್ಧ ಗುಂಟೂರು. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಕಿವಿ ಬಿಸಿ ಮಾಡೋಕೆ. ಕುಟ್ಟಿದ ಕಾಳುಮೆಣಸು ಅರ್ಧ ಚಮಚ, ನುಣ್ಣಗೆ ಪುಡಿ ಮಾಡಿದ್ದು ಬೇಡ, ತರಿ ಇರ್ಬೇಕು, ಅಲ್ಲೊಂದು ಇಲ್ಲೊಂದು ಹಲ್ಲಿಗೆ ಸಿಕ್ಕಿ ಶಾಕ್ ಕೊಡ್ಬೇಕು. ಉಪ್ಪು ಮುಕ್ಕಾಲು ಚಮಚ, ಇದು ಮಾತ್ರ ನುಣ್ಣಗಿರ್ಲಿ, ಮಿಕ್ಸೀಲಿ ಒಂದು ಸುತ್ತು ತಿರುಗಿಸಿ, ದಪ್ಪ ಹರಳು ಬೀಜಕ್ಕೆ ಅಂಟಲ್ಲ. ಒಂದು ಚಿಟಿಕೆ ಸಕ್ಕರೆ, ಸಿಹಿ ಆಗೋಕಲ್ಲ, ಖಾರದ ಮೂಲೆ ಸವರೋಕೆ. ಬೀಜ ಹಾಕಿ, ಬಾಣಲೆ ಬಿಸೀಲೇ ಚೆನ್ನಾಗಿ ಮೇಲೆ ಕೆಳಗೆ ಮಾಡಿ, ಕೊನೇಲಿ ಅತಿ ಸಣ್ಣ ಉರೀಲಿ ಒಂದೇ ಒಂದು ನಿಮಿಷ. ಮುಗೀತು. ಬಿಸಿ ಇರೋವಾಗ ತಿಂದು ಮೆತ್ತಗಿದೆ ಅಂತ ಗಾಬರಿ ಆಗ್ಬೇಡಿ, ಆರಿದ ಮೇಲೆ ಗರಿ ಬರತ್ತೆ. ಮುಚ್ಚಳ ಹಾಕೋದು ಪೂರ್ತಿ ಆರಿದ ಮೇಲೇ, ಬಿಸೀಲಿ ಮುಚ್ಚಿದ್ರೆ ಒಳಗೆ ಹಬೆ ನೀರಾಗಿ ಇಷ್ಟೊತ್ತು ಪಟ್ಟ ಕಷ್ಟ ಎಲ್ಲಾ ನೀರಲ್ಲಿ ಹೋಮ. ನಿಂಬೆಹುಳಿ ಹಿಂಡೋ ಆಸೆ ಬರತ್ತೆ, ಬೇಡ. ಹುಳಿ ಬೇಕೇ ಬೇಕು ಅಂದ್ರೆ ಆಮ್‌ಚೂರ್ ಪುಡಿ, ಅದೂ ಒಂದು ಚಿಟಿಕೆ. ನನ್ನ ಹೆಂಡ್ತಿ ಪ್ರಕಾರ ಆಮ್‌ಚೂರ್ ಹಾಕಿದ್ದು ಕಾಂಗ್ರೆಸ್ಸೇ ಅಲ್ಲ, ಪಕ್ಷಾಂತರ. ಅವಳು ಹೇಳೋದ್ರಲ್ಲೂ ನ್ಯಾಯ ಇದೆ.

ಯಾವ್ದರ ಜೊತೆ ಹೆಂಗಿರತ್ತೆ? ಬಿಯರ್ ಜೊತೆ ಇದು ಹೇಳಿ ಮಾಡ್ಸಿದ ಜೋಡಿ. ಉಪ್ಪು ನಾಲಿಗೆ ಮೇಲೆ ಕಹೀನ ತಗ್ಗಿಸತ್ತೆ, ಹಂಗಾಗಿ ಒಂದು ಮುಷ್ಟಿ ಬೀಜ ತಿಂದು ಬಿಯರ್ ಕುಡಿದ್ರೆ ಅದರ ಕಹಿ ಹಿಂದೆ ಸರಿದು ಮಾಲ್ಟಿನ ಸಿಹಿ ಮುಂದೆ ಬರತ್ತೆ. ಆದ್ರೆ ಖಾರ ಜಾಸ್ತಿ ಆಯ್ತು ಅಂತ ಬಿಯರ್ ಕುಡಿದು ಆರಿಸ್ಕೊಳೋಕೆ ಹೋದ್ರೆ ಆಗಲ್ಲ. ಮೆಣಸಿನಕಾಯಿಯ ಖಾರ ನೀರಲ್ಲಿ ಕರಗಲ್ಲ, ಬಿಯರಲ್ಲಿ ಮುಕ್ಕಾಲು ಮೂರು ಪಾಲು ನೀರೇ, ಮೇಲಿಂದ ಅದರ ಗ್ಯಾಸು ಉರಿಯೋ ನಾಲಿಗೇನ ಇನ್ನೂ ಚುಚ್ಚತ್ತೆ. ಸ್ಟ್ರಾಂಗ್ ಬಿಯರ್ ಕುಡಿಯೋರಿಗೆ ಗುಂಟೂರು ಕಮ್ಮಿ ಮಾಡಿ. ರಮ್ಮಿಗೆ ಕಾಳುಮೆಣಸು ಜಾಸ್ತಿ ಇರೋದೇ ಚೆಂದ, ಓಲ್ಡ್ ಮಾಂಕಿನ ಆ ಬೆಲ್ಲದಂಥ ವೆನಿಲಾ ವಾಸನೆಗೂ ಹುರಿದ ಬೀಜಕ್ಕೂ ಹಳೇ ಸ್ನೇಹ. ವಿಸ್ಕಿಗೆ ಸ್ವಲ್ಪ ಸಪ್ಪೆ ಇರ್ಲಿ, ಇಂಗು ಜಾಸ್ತಿ ಆದ್ರೆ ವಿಸ್ಕಿ ಘಮ ಹೊರಗೇ ಬರಲ್ಲ, ದುಬಾರಿ ಬಾಟಲ್ ತಂದೋನು ಬೇಜಾರು ಮಾಡ್ಕೋತಾನೆ. ವೈನ್ ಜೊತೆ ನಂಗೆ ಸರಿ ಹೋಗ್ಲಿಲ್ಲ, ವೈನ್ ಕುಡಿಯೋರು ಚೀಸ್ ಅವ್ರೇ ತಂದ್ಕೊಳ್ಲಿ. ಕುಡೀದೇ ಇರೋ ಫ್ರೆಂಡು ಪ್ರತೀ ಗ್ಯಾಂಗಲ್ಲೂ ಒಬ್ಬ ಇರ್ತಾನೆ, ಎಲ್ರನ್ನೂ ಮನೆಗೆ ಬಿಡೋ ಪುಣ್ಯಾತ್ಮ, ಅವನಿಗೆ ತಣ್ಣನೆ ಮಜ್ಜಿಗೆ ಕೊಡಿ, ಖಾರಕ್ಕೆ ನಿಜವಾದ ಮದ್ದು ಅದೇ. ಸಾಮಾನ್ಯವಾಗಿ ಬಟ್ಟಲು ಖಾಲಿ ಮಾಡೋದೂ ಅವನೇ.

ಎಷ್ಟು ಬೇಕು ಅಂದ್ರೆ ತಲೆಗೆ ಐವತ್ತು ಗ್ರಾಂ ಲೆಕ್ಕ ಸಾಕು, ಕ್ರಿಕೆಟ್ ಮ್ಯಾಚ್ ಇದ್ರೆ ಅಥವಾ ಎಲೆಕ್ಷನ್ ರಿಸಲ್ಟ್ ಬರ್ತಿದ್ರೆ ಎಪ್ಪತ್ತೈದು. ನೂರು ಗ್ರಾಂ ಕಡ್ಲೆಬೀಜದಲ್ಲಿ ಸುಮಾರು 570 ಕ್ಯಾಲರಿ, 25 ಗ್ರಾಂ ಆಸುಪಾಸು ಪ್ರೋಟೀನು, ಜಿಮ್ಮಿಗೆ ಹೋಗೋ ಫ್ರೆಂಡು ಎರಡನೇ ನಂಬರ್ ಮಾತ್ರ ಹೇಳ್ತಾನೆ. ಬಟ್ಟಲಿಗೆ ಒಂದು ಚಮಚ ಹಾಕಿಡಿ, ಗ್ಲಾಸ್ ಹಿಡಿದ ಒದ್ದೆ ಕೈಯನ್ನ ಎಲ್ರೂ ಒಳಗೆ ಹಾಕಿದ್ರೆ ಬೀಜ ಮೆತ್ತಗಾಗತ್ತೆ. ಅರಿಶಿನ ಎಣ್ಣೇಲಿ ಕರಗಿರೋದ್ರಿಂದ ಬಿಳೀ ಶರ್ಟಿಗೆ, ಸೋಫಾಗೆ ತಾಗಿದ್ರೆ ಹೋಗೋದು ಕಷ್ಟ, ಟಿಶ್ಯೂ ಪಕ್ಕದಲ್ಲೇ ಇರ್ಲಿ. ಹೊಸಬರು ಬಂದಿದ್ರೆ ಕಡ್ಲೆಬೀಜ ಅಲರ್ಜಿ ಇದೆಯಾ ಅಂತ ಕೇಳಿ, ಇದು ತಮಾಷೆ ಅಲ್ಲ, ಇರೋರಿಗೆ ಜೀವಕ್ಕೇ ಅಪಾಯ. ಓಡಾಡೋ ಪುಟ್ಟ ಮಕ್ಕಳಿದ್ರೆ ಬಟ್ಟಲು ಎತ್ತರದಲ್ಲಿ ಇಡಿ, ಗಂಟಲಲ್ಲಿ ಸಿಕ್ಕೊಳತ್ತೆ.

ದುಡ್ಡಿನ ಲೆಕ್ಕಕ್ಕೆ ಬಂದ್ರೆ ಬೇಕರೀಲಿ ಕಾಲು ಕೆಜಿಗೆ ಕೊಡೋ ದುಡ್ಡಲ್ಲಿ ಮನೇಲಿ ಹತ್ರ ಹತ್ರ ಅದರ ಎರಡರಷ್ಟು ಮಾಡ್ಬಹುದು, ಗ್ಯಾಸು ಮಸಾಲೆ ಸೇರಿಸಿ. ಆದ್ರೆ ನಿಮ್ಮ ಒಂದೂವರೆ ಗಂಟೆ ಕೂಲಿ ಹಿಡಿದ್ರೆ ಬೇಕರೀನೇ ಅಗ್ಗ. ಅದಕ್ಕೇ ನಾನು ಮಾಡೋದು ಹಿಂಗೆ, ಟೈಮಿದ್ದಾಗ ಬೀಜ ಹುರಿದು ಸಿಪ್ಪೆ ತೆಗ್ದು ಡಬ್ಬೀಲಿ ಹಾಕಿ ಫ್ರಿಜ್ಜಲ್ಲಿ ಇಟ್ಬಿಡ್ತೀನಿ, ಜನ ಬರೋ ದಿನ ಬಾಣಲೇಲಿ ಒಂದು ನಿಮಿಷ ಬೆಚ್ಚಗೆ ಮಾಡಿ ಮಸಾಲೆ ಹಚ್ಚೋದು, ಐದು ನಿಮಿಷದ ಕೆಲ್ಸ. ಯಾರೋ ಫೋನ್ ಮಾಡಿ "ಗುರು, ಇನ್ನರ್ಧ ಗಂಟೇಲಿ ಬರ್ತಿದೀವಿ" ಅಂದ್ರೂ ತಲೆಬಿಸಿ ಇಲ್ಲ. ಮಸಾಲೆ ಹಚ್ಚಿದ್ದು ಸ್ಟೀಲ್ ಡಬ್ಬೀಲಿ ಬೆಳಕು ತಾಗದ ಹಂಗೆ ಇಟ್ರೆ ಹತ್ತು ಹದಿನೈದು ದಿನ ಆರಾಮಾಗಿ ಇರತ್ತೆ, ಮಳೆಗಾಲದಲ್ಲಿ ಅದಕ್ಕಿಂತ ಕಮ್ಮಿ. ಡಬ್ಬಿ ತಳದಲ್ಲಿ ಉಳಿಯೋ ಖಾರದ ಪುಡಿ, ಮುರಿದ ಹೋಳು, ಗರಿ ಕರಿಬೇವು ಇರತ್ತಲ್ಲ, ಅದನ್ನ ಚೆಲ್ಬೇಡಿ. ಮಾರನೇ ದಿನ ತಲೆ ಭಾರ ಇರೋವಾಗ ಬೇರೆ ಅಡುಗೆ ಯಾರು ಮಾಡ್ತಾರೆ, ಮೊಸರನ್ನ ಕಲಸಿ ಮೇಲೆ ಉದುರಿಸ್ಕೊಂಡು ತಿನ್ನಿ, ಒಗ್ಗರಣೆ ಕೂಡ ಬೇಡ.